ತೂತಿಯಾ ಪುಟದ ರೈಟ್ ಗುರುತು

ನಾನು ಕನ್ನಡ ಕಲಿಸುವ ಸುರಪುರದ ಸರ್ಕಾರಿ ಪ್ರೌಢಶಾಲೆಯ ಗೇಟು ದಾಟಿದ ಕೂಡಲೇ ಎಡಗಡೆ ಗೋಡೆಗೆ ಒಂದು ಕರಿಹಲಗೆ ಇದೆ. ಹನ್ನೊಂದು ವರ್ಷ ಅದರ ಮೇಲೆ ವಿಜ್ಞಾನ ಶಿಕ್ಷಕಿ ಮೌನೇಶ್ವರಿಯ ಅಕ್ಷರ ಬಿಟ್ಟು ಬೇರೆ ಅಕ್ಷರ ಬಿದ್ದಿರಲಿಲ್ಲ. ದಿನಕ್ಕೊಂದು ವಿಜ್ಞಾನದ ಪದ. ಕೆಳಗೆ ಅದು ಯಾವ ಭಾಷೆಯಲ್ಲಿ ಹುಟ್ಟಿತು, ಯಾರ ಬಾಯಿಂದ ಯಾರ ಬಾಯಿಗೆ ಬಂತು ಎಂಬ ನಾಲ್ಕು ಸಾಲು. ಊರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಪದದ ಟೀಚರ್ ಎಂದರೆ ಆಟೊದವರಿಗೂ ಗೊತ್ತು.

ಈ ಹುಚ್ಚು ಅವಳಿಗೆ ಹತ್ತಿದ್ದು ಹುಣಸಗಿಯಲ್ಲಿ, ಅಪ್ಪನ ಕಿರಾಣಿ ಅಂಗಡಿಯಲ್ಲಿ. ಅಲ್ಲಿ ಅಕ್ಕಿ ಬೇಳೆಯ ಹಿಂದಿನ ಸಾಲಿನಲ್ಲಿ ಚಿಕ್ಕ ಚಿಕ್ಕ ತಗಡಿನ ಡಬ್ಬಿಗಳಿದ್ದವು. ಅಪ್ಪ ನವಸಾಗರ ಎನ್ನುತ್ತಿದ್ದುದನ್ನು ಪಾತ್ರೆಗೆ ಕಲಾಯಿ ಹಾಕುವವರು ಬಂದು ನೌಸಾದರ್ ಎಂದು ಕೇಳುತ್ತಿದ್ದರು. ಅಪ್ಪನ ಬಿಳಿಗಾರ ಅಕ್ಕಸಾಲಿಗನಿಗೆ ಟಂಕಣ, ಶರೀಫಾಬೀ ಎಂಬ ಮುದುಕಿಗೆ ಸುಹಾಗಾ. ಡಬ್ಬಿ ಒಂದು, ಹೆಸರು ಮೂರು. ಎಲ್ಲಕ್ಕಿಂತ ಕೆಳಗೆ, ಮುಚ್ಚಳಕ್ಕೆ ಕೆಂಪು ಅರಿವೆಯ ಚಿಂದಿ ಕಟ್ಟಿದ ಡಬ್ಬಿಯೊಂದಿತ್ತು. ಅದರಲ್ಲಿ ಮೈಲುತುತ್ತದ ನೀಲಿ ಹರಳು. ಅದನ್ನು ಮುಟ್ಟಿದರೆ ಅಪ್ಪ ಕೈ ತೊಳೆಸದೆ ಊಟಕ್ಕೆ ಕೂಡಿಸುತ್ತಿರಲಿಲ್ಲ.

ಕಲಬುರಗಿಯಲ್ಲಿ ಬಿಎಸ್ಸಿ ಓದುವಾಗ ಹಳೆ ಪುಸ್ತಕದ ಅಂಗಡಿಯಲ್ಲಿ ಅವಳಿಗೆ ರಟ್ಟು ಕಿತ್ತುಹೋದ ಒಂದು ನಿಘಂಟು ಸಿಕ್ಕಿತು. ಇಂಗ್ಲಿಷಿನ ರಸಾಯನಶಾಸ್ತ್ರದ ಪದಗಳಿಗೆ ಫ್ರೆಂಚ್ ಪದ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಮೂಲ. ಫ್ರೆಂಚ್ ಮಾತಾಡುವವರನ್ನು ಅವಳು ಜನ್ಮದಲ್ಲಿ ನೋಡಿದ್ದಿಲ್ಲ. ಆದರೂ ಓದುತ್ತ ಓದುತ್ತ ಆ ಭಾಷೆಯನ್ನು ಕಣ್ಣಿನಿಂದಲೇ ಕಲಿತಳು. ಆಕ್ಸಿಜನ್ ಎಂಬ ಹೆಸರನ್ನು ಫ್ರಾನ್ಸಿನವರು ಗ್ರೀಕಿನ ಎರಡು ಪದ ಕೂಡಿಸಿ ಕಟ್ಟಿದರು, ಆಮ್ಲವನ್ನು ಹುಟ್ಟಿಸುವುದು ಎಂದು ಅದರ ಅರ್ಥ, ನಮ್ಮವರು ಅದನ್ನೇ ತಿರುಗಿಸಿ ಆಮ್ಲಜನಕ ಅಂದರು. ಆಮೇಲೆ ನೋಡಿದರೆ ಆಮ್ಲ ಹುಟ್ಟಲು ಆಕ್ಸಿಜನ್ನೇ ಬೇಕೆಂದಿಲ್ಲ, ಆದರೆ ಹೆಸರು ಬದಲಾಗಲಿಲ್ಲ. ಇದನ್ನು ಅವಳು ತರಗತಿಯಲ್ಲಿ ಹೇಳಿದರೆ ಕೊನೆಯ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಅವಳ ಗಂಡ ಶಿವಶರಣ ಬಸ್ ಡಿಪೋದಲ್ಲಿ ಕಂಟ್ರೋಲರ್. ಮಕ್ಕಳಾಗಲಿಲ್ಲ. ಅದರ ದುಃಖ ಇಬ್ಬರೂ ಎಂದೋ ಮಾತಾಡಿ ಮುಗಿಸಿದ್ದರು. ಅವಳ ಬದುಕಿನಲ್ಲಿ ತನ್ನದು ಎಂದು ಗಟ್ಟಿಯಾಗಿ ಹೇಳಿಕೊಳ್ಳುವ ವಸ್ತುವೆಂದರೆ ಆ ಹಲಗೆ.

ಅಲ್ಮಾಸ ಬಂದದ್ದು ಒಂದು ಜೂನ್ ತಿಂಗಳಲ್ಲಿ. ಅದೇ ಆವರಣದ ಉರ್ದು ವಿಭಾಗಕ್ಕೆ ವಿಜ್ಞಾನ ಶಿಕ್ಷಕಿಯಾಗಿ, ಯಾದಗಿರಿಯಿಂದ ವರ್ಗವಾಗಿ. ಇಪ್ಪತ್ತೊಂಬತ್ತು ವರ್ಷ. ತೆಳ್ಳಗಿನ ಹುಡುಗಿ, ಮಾತು ಮೆಲ್ಲಗೆ, ನಗು ಬೇಗ. ಅವಳ ಅಜ್ಜ ಅಬ್ದುಲ್ ಕರೀಮ ನಿಜಾಮರ ಕಾಲದ ಫಾರಸಿ, ಉರ್ದು ದಾಖಲೆಗಳನ್ನು ಓದಿ ಹೇಳುತ್ತಿದ್ದವರು. ಜಮೀನಿನ ತಕರಾರು ಇದ್ದವರು ಹಳೇ ಕಾಗದ ಹಿಡಿದು ಅವರ ಮನೆಗೆ ಬರುತ್ತಿದ್ದರು. ಆ ಮನೆಯ ಕಟ್ಟೆಯ ಮೇಲೆ ಬೆಳೆದ ಮೊಮ್ಮಗಳಿಗೆ ಫಾರಸಿ ಅಕ್ಷರ ಕನ್ನಡದ ಅಕ್ಷರದಷ್ಟೇ ಸಲೀಸು.

ಬಂದ ಎರಡನೇ ವಾರ ಮೌನೇಶ್ವರಿ ಹಲಗೆಯ ಮೇಲೆ ತನ್ನ ಅತಿ ಪ್ರೀತಿಯ ಪದ ಬರೆದಳು. ಆಲ್ಕಲಿ, ಅಂದರೆ ಕ್ಷಾರ. ಅರಬ್ಬಿಯ ಕಲಿ ಎಂಬುದರಿಂದ ಬಂದದ್ದು, ಗಿಡ ಸುಟ್ಟ ಬೂದಿ ಎಂದು ಅರ್ಥ. ನಮ್ಮ ಕಲಾಯಿಯೂ ಇದೇ ಪದ, ಏಕೆಂದರೆ ಕಲಾಯಿಯವರು ಪಾತ್ರೆಯನ್ನು ಮೊದಲು ಕ್ಷಾರದಿಂದ ತೊಳೆಯುತ್ತಾರೆ. ಈ ಕೊನೆಯ ಮಾತು ಯಾವ ನಿಘಂಟಿನಲ್ಲೂ ಇರಲಿಲ್ಲ. ಅವಳಿಗೇ ಹೊಳೆದದ್ದು. ಶಹಾಪುರದ ಶಿಕ್ಷಕರ ಸಭೆಯಲ್ಲಿ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ್ದಳು.

ಅಂದು ಊಟದ ಬಿಡುವಿನಲ್ಲಿ ಅಲ್ಮಾಸ ಹಲಗೆ ಓದಿ ಶಿಕ್ಷಕರ ಕೋಣೆಗೆ ಬಂದಳು. ಕೈಯಲ್ಲಿ ಒಂದು ಚೀಟಿ ಇತ್ತು. ಅದರ ಮೇಲೆ ಎರಡು ಪದ ಬರೆದಿದ್ದಳು.

"ಮೇಡಂರಿ, ಒಂದ್ ಮಾತು ಹೇಳ್ಲೇನ್ರಿ? ಇವೆರಡೂ ಬ್ಯಾರೆ ಬ್ಯಾರೆ ಅವ. ಕಲಾಯಿ ಅನ್ನೂದ್ರಾಗ ನಡುವ ಐನ್ ಅಂತ ಒಂದ್ ಅಕ್ಷರ ಬರ್ತದ. ಅದು ತವರದ ಹೆಸರು. ಬೂದಿ ಅನ್ನೂದ್ರಾಗ ಆ ಅಕ್ಷರ ಇಲ್ಲ. ಇಂಗ್ಲಿಷ್‌ನ್ಯಾಗ ಬರದ್ರ ಎರಡೂ ಒಂದ ನಮೂನಿ ಕಾಣ್ತಾವ, ಅಷ್ಟ."

ಮೌನೇಶ್ವರಿ ಚೀಟಿ ನೋಡಿದಳು. ಓದಲು ಬರದ ಲಿಪಿ. ಎರಡು ಪದಗಳ ನಡುವಿನ ವ್ಯತ್ಯಾಸ ಮಾತ್ರ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಒಂದರಲ್ಲಿ ಸಣ್ಣ ಗಂಟು, ಇನ್ನೊಂದರಲ್ಲಿ ಇಲ್ಲ.

"ನಾನು ಡಿಕ್ಷನರಿ ನೋಡೇ ಬರದೀನಿ," ಎಂದಳು.

ಅದು ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಅಲ್ಮಾಸ ವಾದಿಸಲಿಲ್ಲ. "ಹೌದೇನ್ರಿ, ಹಂಗಾದ್ರ ನಾನಽ ಮತ್ತೊಮ್ಮೆ ನೋಡ್ತೀನ್ರಿ," ಎಂದು ಚೀಟಿ ಮಡಚಿಕೊಂಡು ಹೋದಳು. ವಾದಿಸಿದ್ದರೆ ಚೆನ್ನಾಗಿತ್ತು. ಸುಮ್ಮನೆ ಹೋದದ್ದೇ ಮೌನೇಶ್ವರಿಗೆ ಮುಳ್ಳಾಯಿತು. ಸಂಜೆ ಎಲ್ಲರೂ ಹೋದ ಮೇಲೆ ಅವಳೇ ಕೊನೆಯ ಸಾಲು ಒರೆಸಿದಳು.

ಮುಖ್ಯೋಪಾಧ್ಯಾಯ ಬಸವಕುಮಾರ ಒಳ್ಳೆಯ ಮನುಷ್ಯ. ಎಲ್ಲರನ್ನೂ ಖುಷಿಯಾಗಿಡಬೇಕೆಂಬ ಆಸೆಯವನು. ತಿಂಗಳಾಗುವುದರಲ್ಲಿ ಹಲಗೆಯ ನಡುವೆ ಬಿಳಿ ಬಣ್ಣದ ಗೆರೆ ಎಳೆಸಿದ. "ಈ ಕಡಿ ನೀವು, ಆ ಕಡಿ ಅಲ್ಮಾಸ ಮೇಡಂ. ಉರ್ದು ಹುಡುಗ್ರಿಗೂ ಅನುಕೂಲ ಆಗ್ತದ," ಎಂದ. ಬೇಡ ಎನ್ನಲು ಮೌನೇಶ್ವರಿಗೆ ಒಂದು ಕಾರಣವೂ ಸಿಗಲಿಲ್ಲ.

ಅಲ್ಮಾಸ ಮೊದಲ ದಿನ ಸಕ್ಕರೆ ಎಂದು ಬರೆದಳು. ನಮ್ಮ ಶರ್ಕರಾ ಫಾರಸಿಯಲ್ಲಿ ಶಕರ್ ಆಗಿ, ಅರಬ್ಬರ ಕೈಯಿಂದ ಯೂರೋಪಿಗೆ ಹೋಗಿ, ಫ್ರಾನ್ಸಿನಲ್ಲಿ ಸುಕ್ರ್ ಆಯಿತು, ಇಂಗ್ಲಿಷಿನಲ್ಲಿ ಶುಗರ್ ಆಯಿತು. ರಸಾಯನಶಾಸ್ತ್ರದ ಸುಕ್ರೋಸ್ ಎಂಬುದಕ್ಕೂ ಅದೇ ಬೇರು. ನಾಲ್ಕು ಲಿಪಿಯಲ್ಲಿ, ನಾಲ್ಕು ಬಣ್ಣದ ಸೀಮೆಸುಣ್ಣದಲ್ಲಿ. ಹುಡುಗಿಯರು ಗುಂಪುಗಟ್ಟಿ ನಿಂತು ಬರೆದುಕೊಂಡರು. ಮೌನೇಶ್ವರಿಯ ಬದಿಯಲ್ಲಿ ಅಂದು ಅಜೋಟ್ ಇತ್ತು. ಸಾರಜನಕಕ್ಕೆ ಫ್ರೆಂಚರು ಇಟ್ಟ ಹೆಸರು, ಜೀವವಿಲ್ಲದ್ದು ಎಂದು ಅರ್ಥ. ಅದನ್ನು ಬರೆದುಕೊಂಡವರು ಇಬ್ಬರು. ಅವಳು ಕಿಟಕಿಯಿಂದ ಎಣಿಸಿದ್ದಳು.

ಆಮೇಲೆ ಎಣಿಸುವುದು ಚಟವಾಯಿತು. ಯಾರ ಬದಿಗೆ ಎಷ್ಟು ಜನ, ಎಷ್ಟು ಹೊತ್ತು. ಅಲ್ಮಾಸಳ ಹೊಸ ಚೂಡಿದಾರ, ಅವಳ ಡಬ್ಬಿಯ ಊಟದ ವಾಸನೆ, ಜವಾನ ದೇವಿಂದ್ರ ಅವಳಿಗೆ ಚಹಾ ಮೊದಲು ಕೊಟ್ಟದ್ದು, ಎಲ್ಲವೂ ಲೆಕ್ಕಕ್ಕೆ ಬಂತು. ಮನೆಯಲ್ಲಿ ಗಂಡನ ಮುಂದೆ ಅದೇ ಮಾತು.

"ಆಕಿ ಏನ್ ದೊಡ್ಡದು ಮಾಡ್ಯಾಳ? ಅಜ್ಜ ಕಲಿಸಿದ್ದು ಬರೀತಾಳ. ನಾನು ಒಬ್ಬಾಕಿನೇ ಕಲ್ತೀನಿ."

ಶಿವಶರಣ ಪೇಪರಿನಿಂದ ತಲೆ ಎತ್ತದೆ, "ನಿನಗ ಅಜ್ಜ ಇದ್ದಿದ್ರ ನೀನೂ ಕಲೀತಿದ್ದಿ," ಎಂದ. ಎರಡು ದಿನ ಅವಳು ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಒಮ್ಮೆ ಶಿಕ್ಷಕರ ಕೋಣೆಯಲ್ಲಿ ಗುರುಲಿಂಗಮ್ಮ ಎಂಬ ಗಣಿತದ ಶಿಕ್ಷಕಿ, "ನಿಮ್ಮ ಹೆಸರಿಗೆ ಅರ್ಥ ಏನ್ರಿ?" ಎಂದು ಅಲ್ಮಾಸಳನ್ನು ಕೇಳಿದಳು. "ವಜ್ರ ಅಂತ್ರಿ. ಗ್ರೀಕರ ಅದಮಾಸ್ ನಮ್ಮ ಕಡಿ ಬಂದು ಅಲ್ಮಾಸ ಆತು. ಅದ ಪದ ಫ್ರಾನ್ಸಿಗೆ ಹೋಗಿ ದಿಯಮಾಂ, ಇಂಗ್ಲಿಷಿಗೆ ಹೋಗಿ ಡೈಮಂಡ್," ಎಂದಳು ಅಲ್ಮಾಸ. ಎಲ್ಲರೂ ಓಹೋ ಎಂದರು. ಮೌನೇಶ್ವರಿ ಮನೆಗೆ ಹೋಗಿ ನಿಘಂಟು ತೆಗೆದಳು. ತಪ್ಪಿರಲಿ ಎಂದು ಹರಕೆ ಹೊತ್ತವಳಂತೆ ಪುಟ ತಿರುವಿದಳು. ತಪ್ಪಿರಲಿಲ್ಲ. ಮರುದಿನ ಭಾನುವಾರ ಮಧ್ಯಾಹ್ನವಿಡೀ ಕುಳಿತು ತನ್ನ ಹೆಸರಿನ ಬೇರು ಫ್ರೆಂಚಿನಲ್ಲಿ, ಫಾರಸಿಯಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಿದಳು. ಮೌನಕ್ಕೆ ಆ ಭಾಷೆಗಳಲ್ಲಿ ನೆಂಟರು ಸಿಗಲಿಲ್ಲ. ತಾನು ಮಾಡುತ್ತಿರುವುದು ಎಂಥ ಸಣ್ಣತನ ಎಂದು ಅವಳಿಗೆ ತಿಳಿಯದೆ ಇರಲಿಲ್ಲ. ತಿಳಿದೂ ಪುಸ್ತಕ ಮುಚ್ಚಲಾಗಲಿಲ್ಲ.

ಅದೇ ವರ್ಷದ ಚಳಿಗಾಲದಲ್ಲಿ ಶಹಾಪುರದಲ್ಲಿ ವಿಜ್ಞಾನ ಶಿಕ್ಷಕರ ಸಭೆ ಸೇರಿತು. ಕನ್ನಡ ಮತ್ತು ಉರ್ದು ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದವರು ಪಿಯುಸಿಗೆ ಹೋಗಿ ಇಂಗ್ಲಿಷ್ ಪದಗಳ ಮುಂದೆ ಕಂಗಾಲಾಗುತ್ತಾರೆ. ಅವರಿಗಾಗಿ ಮುನ್ನೂರು ಪದಗಳ ಒಂದು ಪುಸ್ತಿಕೆ ಆಗಬೇಕು, ಪ್ರತಿ ಪದಕ್ಕೂ ಮೂಲ ಕೊಡಬೇಕು ಎಂದು ತೀರ್ಮಾನವಾಯಿತು. ಮೌನೇಶ್ವರಿ ಹೊಸ ಪೆನ್ನು ಕೊಂಡು ಹೋಗಿದ್ದಳು. ತನ್ನ ಹೆಸರು ಕರೆಯುತ್ತಾರೆ ಎಂದು ಸೀರೆಯ ಸೆರಗು ಸರಿಮಾಡಿಕೊಂಡು ಕುಳಿತಿದ್ದಳು. ಕರೆದರು. ಆದರೆ ಹೇಳಿದ್ದು ಹೀಗೆ: ಸಂಗ್ರಹ ಅಲ್ಮಾಸ ಅವರದು, ಏಕೆಂದರೆ ಅವರಿಗೆ ಎರಡೂ ಲಿಪಿ ಬರುತ್ತದೆ. ಪರಿಶೀಲನೆ ಮೌನೇಶ್ವರಿ ಅವರದು, ಏಕೆಂದರೆ ಅವರು ಹಿರಿಯರು.

ಸುರಪುರಕ್ಕೆ ಮರಳುವ ಬಸ್ಸಿನಲ್ಲಿ ಅಲ್ಮಾಸ ಅವಳ ಪಕ್ಕ ಬಂದು ಕುಳಿತಳು.

"ನೀವ್ ನೋಡ್ತೀರಿ ಅಂದ್ರ ನನಗ ಧೈರ್ಯ ಬಂತ್ರಿ ಮೇಡಂ. ಫಾರಸಿ ಪದ ನನಗ ಗೊತ್ತವ, ಆದ್ರ ಕನ್ನಡದಾಗ ಆ ವಸ್ತುಗೆ ಏನಂತಾರ ಅನ್ನೂದು ಒಮ್ಮೊಮ್ಮೆ ಗೊತ್ತಾಗಂಗಿಲ್ಲ."

"ನೋಡೂಣಂತ," ಎಂದಳು ಮೌನೇಶ್ವರಿ. ಉಳಿದ ದಾರಿಯುದ್ದಕ್ಕೂ ಕಿಟಕಿಯಾಚೆ ಹತ್ತಿಯ ಹೊಲ ನೋಡುತ್ತಿದ್ದಳು.

ಪುಟಗಳು ಹತ್ತು ಹತ್ತರಂತೆ ಬರತೊಡಗಿದವು. ಸರಿಯಿದ್ದ ಪುಟದ ಮೇಲೆ ಮೌನೇಶ್ವರಿ ಕೆಂಪು ಶಾಯಿಯಲ್ಲಿ ರೈಟ್ ಗುರುತು ಹಾಕಿ ಸಹಿ ಮಾಡಬೇಕು, ತಪ್ಪಿದ್ದರೆ ವಾಪಸ್ ಕೊಡಬೇಕು. ಅವಳು ಒಂದೊಂದು ಸಾಲನ್ನೂ ಜಾಲಾಡಿದಳು. ಅಲ್ಮಾಸಳ ಕೆಲಸ ಅಚ್ಚುಕಟ್ಟು. ಆರ್ಸೆನಿಕ್ ಎಂಬುದರ ಹಿಂದೆ ಹಳದಿ ಹರತಾಳಕ್ಕೆ ಫಾರಸಿಯವರು ಅಂದ ಜರ್ನಿಖ್, ಅದರೊಳಗೆ ಚಿನ್ನದ ಬಣ್ಣ. ಅನಿಲೀನ್ ಎಂಬುದರ ಹಿಂದೆ ನಮ್ಮ ನೀಲಿ. ಅಕ್ಷರ ತಪ್ಪಿಲ್ಲ, ಅರ್ಥ ತಪ್ಪಿಲ್ಲ. ಒಂದೊಂದು ಪುಟಕ್ಕೆ ರೈಟ್ ಹಾಕುವಾಗಲೂ ಅವಳಿಗೆ ತನ್ನದೇ ಏನೋ ಒಂದನ್ನು ಬರೆದುಕೊಟ್ಟ ಹಾಗೆ ಆಗುತ್ತಿತ್ತು.

ಮೂವತ್ತೊಂದನೇ ಪುಟದಲ್ಲಿ ಅದು ಸಿಕ್ಕಿತು.

ತೂತಿಯಾ, ಎಂದಿತ್ತು. ಫಾರಸಿ ಪದ. ಫ್ರೆಂಚಿನಲ್ಲಿ ಟ್ಯುಟೀ, ಇಂಗ್ಲಿಷಿನಲ್ಲಿ ಟಟಿ, ಸಂಸ್ಕೃತದಲ್ಲಿ ತುತ್ಥ. ಕನ್ನಡದಲ್ಲಿ ಮೈಲುತುತ್ತ. ಹಿಂದಿನ ಕಾಲದಲ್ಲಿ ಇದನ್ನು ಅರೆದು ಕಣ್ಣಿಗೆ ಔಷಧವಾಗಿ ಹಚ್ಚುತ್ತಿದ್ದರು.

ಮೌನೇಶ್ವರಿ ಎರಡು ಸಲ ಓದಿದಳು. ಹೆಸರುಗಳ ನಂಟು ನಿಜ. ಆದರೆ ಫಾರಸಿ ವೈದ್ಯರು ಕಣ್ಣಿಗೆ ಹಚ್ಚುತ್ತಿದ್ದ ತೂತಿಯಾ ಸತುವಿನ ಬೂದಿ. ಮೈಲುತುತ್ತ ತಾಮ್ರದ ಲವಣ. ಅದು ವಿಷ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಹೆಸರು ದೇಶ ದಾಟುವಾಗ ವಸ್ತು ಬದಲಾಗಿತ್ತು, ಅಲ್ಮಾಸ ಅದನ್ನು ಗಮನಿಸಿರಲಿಲ್ಲ. ಬಸ್ಸಿನಲ್ಲಿ ಅವಳೇ ಹೇಳಿಕೊಂಡಿದ್ದ ಕೊರತೆ.

ಮೌನೇಶ್ವರಿಗೆ ಮೊದಲು ಆದದ್ದು ಖುಷಿ. ಎದೆಯಲ್ಲಿ ಬೆಚ್ಚಗೆ ಹರಡಿದ ಖುಷಿ. ಪುಟವನ್ನು ವಾಪಸ್ ಕೊಟ್ಟರೆ ಅಲ್ಮಾಸ ಥ್ಯಾಂಕ್ಸ್ ಹೇಳಿ ತಿದ್ದುತ್ತಾಳೆ, ಅಲ್ಲಿಗೆ ಮುಗಿಯಿತು. ಆದರೆ ಮುಂದಿನ ಗುರುವಾರ ಯಾದಗಿರಿಯಲ್ಲಿ ಸಭೆಯಿತ್ತು. ಎಲ್ಲ ತಾಲ್ಲೂಕಿನವರು ಬರುತ್ತಾರೆ. ಅಲ್ಲಿ ಎದ್ದು ನಿಂತು, ಆಕೆಗೆ ಅಕ್ಷರ ಗೊತ್ತು, ವಸ್ತು ಗೊತ್ತಿಲ್ಲ ಎಂದು ತೋರಿಸಬಹುದು. ಅಚ್ಚಾಗುವುದು ಹೇಗೂ ಸಭೆಯಾದ ಮೇಲೆ. ಯಾರಿಗೂ ಏನೂ ಆಗುವುದಿಲ್ಲ. ಹೀಗೆ ಮನಸ್ಸಿಗೆ ಹೇಳಿಕೊಂಡು, ಮೂವತ್ತೊಂದನೇ ಪುಟದ ತಲೆಯ ಮೇಲೆ ಕೆಂಪು ರೈಟ್ ಹಾಕಿ, ಕೆಳಗೆ ಸಹಿ ಮಾಡಿದಳು.

ಶನಿವಾರ ಸಂಜೆ ಬಸವಕುಮಾರ ಕೆಲವು ಪುಟಗಳ ಫೋಟೊ ತೆಗೆದು ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿದ. ನಮ್ಮ ಶಾಲೆಯ ಶಿಕ್ಷಕಿಯರ ಸಾಧನೆ ನೋಡಿ ಎಂದು ಕೆಳಗೆ ಬರೆದಿದ್ದ. ಮೌನೇಶ್ವರಿ ಚಹಾ ಕುಡಿಯುತ್ತ ಫೋನ್ ತೆರೆದಳು. ಮೂರನೇ ಫೋಟೊ ಮೂವತ್ತೊಂದನೇ ಪುಟ. ಅಷ್ಟು ಹೊತ್ತಿಗೆ ಅದರ ಕೆಳಗೆ ಹದಿನಾರು ಜನ ಕೈಮುಗಿದ ಚಿತ್ರ ಹಾಕಿದ್ದರು.

ಅವಳು ಟೈಪ್ ಮಾಡಿದಳು: ತೂತಿಯಾ ಪದದಲ್ಲಿ ತಪ್ಪಿದೆ, ಮೈಲುತುತ್ತ ವಿಷ, ಯಾರೂ ಬಳಸಬೇಡಿ. ಕಳುಹಿಸುವ ಗುಂಡಿಯ ಮೇಲೆ ಬೆರಳು ಇಟ್ಟಳು. ಈಗ ಹೇಳಿದರೆ ಗುರುವಾರಕ್ಕೆ ಏನು ಉಳಿಯುತ್ತದೆ? ಮೇಲಾಗಿ ರೈಟ್ ಹಾಕಿದವಳು ತಾನೇ. ಈ ಕಾಲದಲ್ಲಿ ಯಾರು ಮೈಲುತುತ್ತ ಕಣ್ಣಿಗೆ ಹಚ್ಚುತ್ತಾರೆ? ಬರೆದದ್ದನ್ನು ಅಳಿಸಿದಳು.

ಸೋಮವಾರ ಪ್ರಾರ್ಥನೆ ಮುಗಿದ ಹೊತ್ತಿಗೆ ಗೇಟಿನ ಹತ್ತಿರ ಒಬ್ಬ ನಿಂತಿದ್ದ. ತಿಂಥಣಿಯ ಅಮರಪ್ಪ, ಹೊಳೆದಂಡೆಯ ಮೇಲೆ ಮೂರು ಎಕರೆ ಉಳುವವನು. ಮಗಳು ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಳು. ದೇವಿಂದ್ರ ಅವನನ್ನು ಶಿಕ್ಷಕರ ಕೋಣೆಗೆ ಕರೆತಂದ. ಅಮರಪ್ಪ ಫೋನ್ ತೆಗೆದು ಆ ಪುಟ ತೋರಿಸಿದ.

"ಇದ ಬರದವ್ರು ಯಾರ್ರಿ? ಜಗಳ ಮಾಡಾಕ ಬಂದಿಲ್ರಿ. ಕೇಳಾಕ ಬಂದೀನಿ. ನಮ್ಮ ಬಲಗಡಿ ಎತ್ತಿನ ಕಣ್ಣಾಗ ಎಂಟು ದಿನದಿಂದ ನೀರು ಸೋರಾಕತ್ತಿತ್ತು. ಕುರಿ ಗೊರಸಿಗೆ ಹಚ್ಚಾಕಂತ ತಂದ ಮೈಲುತುತ್ತ ಮನ್ಯಾಗ ಇತ್ತು. ಸಾಲ್ಯಾಗ ಬರದಾರಂತ ಅರದು ಹಚ್ಚೀನಿ. ನಿನ್ನಿಂದ ಒಂದ ಸಮ ಒದರಾಕತ್ತೈತಿ. ಕಣ್ಣು ಬೆಳ್ಳಗಾಗೈತಿ. ಎಷ್ಟು ಹಚ್ಚಬೇಕಂತ ನೀವು ಬರೀಲಿಲ್ಲಲ್ರಿ, ನಾನಽ ಹೆಚ್ಚಿಗಿ ಹಚ್ಚಿದ್ನೇನು?"

ಅಮರಪ್ಪ ಮುಂದುವರಿಸಿದ. "ನಮ್ಮ ಮನಿಯಾಕಿ ಹಣಮಂತಮ್ಮಂದೂ ಕಣ್ಣು ನೀರು ಸೋರತಾವ್ರಿ. ಇವತ್ತ ಆಕಿಗೂ ಹಚ್ಚೂದಿತ್ತು. ಅದಕ್ಕ ಮೊದ್ಲು ಅಳತಿ ಕೇಳ್ಕೊಂಡು ಹೋಗೂಣಂತ ಬಂದೆ."

"ಹಚ್ಚಬ್ಯಾಡ್ರಿ," ಎಂದಳು ಮೌನೇಶ್ವರಿ. ಕುರ್ಚಿಯಿಂದ ಎದ್ದು ನಿಂತಿದ್ದಳು. "ಅದು ತಾಮ್ರದ ವಿಷ. ಒಂದ್ ಚೂರೂ ಮುಟ್ಟಿಸಬ್ಯಾಡ್ರಿ. ಈಗಲೇ ಮನಿಗೆ ಫೋನ್ ಹಚ್ರಿ."

ಅಮರಪ್ಪ ಅಲ್ಲೇ ಫೋನ್ ಮಾಡಿ ಹೆಂಡತಿಗೆ ಹೇಳಿದ. ಅಲ್ಮಾಸ ಅವನ ಮುಂದೆ ಬಂದು ನಿಂತಳು. "ಕಾಕಾರ, ಬರದಾಕಿ ನಾನು," ಎಂದಳು. "ತಪ್ಪು ನಂದು. ನಿಮ್ಮ ತಪ್ಪೇನೂ ಇಲ್ರಿ." ಅಷ್ಟು ಹೇಳಿ ಮೌನೇಶ್ವರಿಯ ಕಡೆ ನೋಡಿದಳು. ಅದು ವಿಷ ಎಂದು ಮೌನೇಶ್ವರಿ ಹೇಳಿದ್ದು ಕಾಗದ ನೋಡದೆ, ಪುಸ್ತಕ ತೆರೆಯದೆ, ಒಂದು ಕ್ಷಣ ಯೋಚಿಸದೆ. ಆ ನೋಟದಲ್ಲಿ ಪ್ರಶ್ನೆಯಿತ್ತು, ಆದರೆ ಕೇಳಲಿಲ್ಲ.

ಪಶು ವೈದ್ಯರು ತಿಂಥಣಿಗೆ ಹೋಗಿ ಬಂದರು. ಎತ್ತು ಬದುಕಿತು, ಬಲಗಣ್ಣು ಹೋಯಿತು. ಬಸವಕುಮಾರ ಹೆದರಿಹೋದ. ಗುಂಪಿನಿಂದ ಪುಟಗಳನ್ನು ಅಳಿಸಿದ, ಎಚ್ಚರಿಕೆಯ ಸಂದೇಶ ಹಾಕಿದ, ಅಲ್ಮಾಸಳನ್ನು ಸಂಗ್ರಹದ ಕೆಲಸದಿಂದ ತೆಗೆದ. "ಮೌನೇಶ್ವರಿ ಮೇಡಂ ಅಷ್ಟೊಂದು ಪುಟ ನೋಡ್ಯಾರ, ಒಂದು ಕಣ್ಣು ತಪ್ಪಿ ಹೋಗಿರಬಹುದು," ಎಂದು ಅವನೇ ಸಮಾಧಾನ ಹೇಳಿಕೊಂಡ. ಸಂಗ್ರಹದ ಕೆಲಸ ಮೌನೇಶ್ವರಿಗೆ ಬಂತು. ಗುರುವಾರದ ಯಾದಗಿರಿ ಸಭೆಯನ್ನು ಮುಂದಕ್ಕೆ ಹಾಕಿದರು. ಹಲಗೆಯ ಆ ಬದಿ ಖಾಲಿಯಾಯಿತು.

ಬೇಕೆಂದದ್ದೆಲ್ಲ ಒಂದೇ ವಾರದಲ್ಲಿ ಕೈಗೆ ಬಂದಿತ್ತು. ಅವಳು ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತರೆ ಒಂದು ಪದವೂ ಬರೆಯಲಾಗುತ್ತಿರಲಿಲ್ಲ. ಮೂರು ದಿನ ಎರಡೂ ಬದಿ ಖಾಲಿಯೇ ಇದ್ದವು.

ಗುರುವಾರ ಶಾಲೆ ಬಿಟ್ಟ ಮೇಲೆ ಪ್ರಯೋಗಾಲಯದಲ್ಲಿ ಅವಳು ಬಾಟಲಿ ಜೋಡಿಸುತ್ತಿದ್ದಾಗ ಅಲ್ಮಾಸ ಒಳಗೆ ಬಂದು ಬಾಗಿಲ ಹತ್ತಿರವೇ ನಿಂತಳು.

"ಮೇಡಂರಿ, ನಿಮಗ ಮೊದ್ಲಽ ಗೊತ್ತಿತ್ತೇನ್ರಿ?"

ಇಲ್ಲ ಎನ್ನಲು ಮೌನೇಶ್ವರಿ ಬಾಯಿ ತೆರೆದಳು. "ಗೊತ್ತಿತ್ತು," ಎಂಬ ಮಾತು ಬಂತು.

"ರೈಟ್ ಹಾಕುವಾಗ?"

"ಹೌದು. ಗುಂಪಿನ್ಯಾಗ ಹಾಕಿದಾಗೂ ನೋಡಿದ್ನಿ. ಬರದು ಅಳಿಸಿದ್ನಿ."

"ಯಾಕ್ರಿ?"

"ನಿಮ್ಮ ಮ್ಯಾಲ ಹೊಟ್ಟಿಕಿಚ್ಚು."

ಅಲ್ಮಾಸ ಬಾಗಿಲ ಕಡೆ ತಿರುಗಿದಳು. "ನನ್ನ ಮ್ಯಾಲ ಇತ್ತಂದ್ರ ಇರ್ಲಿ. ಆ ಎತ್ತು ನಿಮಗೇನ್ ಮಾಡಿತ್ರಿ?" ಎಂದು ಹೇಳಿ ಹೊರಟುಹೋದಳು.

ಅಲ್ಮಾಸ ಯಾರಿಗೂ ಹೇಳಲಿಲ್ಲ. ಶುಕ್ರವಾರ ಹೇಳಲಿಲ್ಲ, ಶನಿವಾರ ಹೇಳಲಿಲ್ಲ. ಮೌನೇಶ್ವರಿ ಪ್ರತಿ ಸಲ ಬಸವಕುಮಾರನ ಕೋಣೆಯ ಬಾಗಿಲು ತೆರೆದಾಗಲೂ ಈಗ ಕರೆಯುತ್ತಾರೆ ಎಂದು ಕಾದಳು. ಅಲ್ಮಾಸ ಸುಮ್ಮನಿದ್ದದ್ದು ಅವಳಿಗೆ ಉಪಕಾರ ಅನಿಸಲಿಲ್ಲ. ಇದರಲ್ಲೂ ಆಕೆ ತನಗಿಂತ ಮೇಲಾದಳಲ್ಲ ಎಂದು ಉರಿಯಿತು. ಮೌನೇಶ್ವರಿಯೇ ಆಮೇಲೆ ನನಗೆ ಇದನ್ನು ಹೇಳಿದ್ದು, ತಲೆ ತಗ್ಗಿಸದೆ.

ಭಾನುವಾರ ಬೆಳಿಗ್ಗೆ ತಿಂಥಣಿಯ ಬಸ್ಸು ಹತ್ತಿದಳು. ಮೌನೇಶ್ವರ ಗುಡಿಗೆ ಹೊರಟವರು ತುಂಬಿದ್ದರು. ತನಗೆ ಹೆಸರು ಕೊಟ್ಟ ದೇವರ ಗುಡಿಗೆ ಅವಳು ಹೋಗಲಿಲ್ಲ. ಕೇಳಿಕೊಂಡು ಅಮರಪ್ಪನ ಮನೆಗೆ ಹೋದಳು. ಎತ್ತು ಬೇವಿನ ಮರದ ಕೆಳಗೆ ನಿಂತಿತ್ತು. ಬಲಗಣ್ಣಿನ ಮೇಲೆ ಅರಿವೆ ಕಟ್ಟಿದ್ದರು, ಅದರ ಸುತ್ತ ನೊಣ ಮುತ್ತುತ್ತಿದ್ದವು. ಆ ಬದಿಯಿಂದ ಅವಳು ಹೋದದ್ದು ಅದಕ್ಕೆ ತಿಳಿಯಲಿಲ್ಲ. ಹತ್ತಿರ ಬಂದಾಗ ಬೆಚ್ಚಿ ಹಿಂದೆ ಸರಿಯಿತು.

ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. ಅಮರಪ್ಪ ನೆಲ ನೋಡುತ್ತ ಕೇಳಿದ. ಬಾಗಿಲಲ್ಲಿ ನಿಂತಿದ್ದ ಹಣಮಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ಅಳು ಅಲ್ಲ, ಅವಳ ಕಣ್ಣಿನ ಕಾಯಿಲೆ.

"ಗೊತ್ತಿದ್ದೂ ಸುಮ್ಕ ಕುಂತ್ರಿ?" ಎಂದ ಅಮರಪ್ಪ.

"ಹೌದ್ರಿ."

"ನಾ ಹಚ್ಕೊಂಡಿದ್ರ?" ಎಂದು ಹಣಮಂತಮ್ಮ ಕೇಳಿದಳು.

ಮೌನೇಶ್ವರಿ ಕಟ್ಟೆಯಿಂದ ಎದ್ದು ನಿಂತಳು.

"ಇವತ್ತ ಹೋಗ್ರಿ ಟೀಚರ," ಎಂದಳು ಹಣಮಂತಮ್ಮ. "ನಿಮ್ಮ ಮಾರಿ ನೋಡಾಕ ಇವತ್ತ ಆಗೂದಿಲ್ಲ."

ಸೋಮವಾರ ಅವಳು ಬಸವಕುಮಾರನಿಗೆ ಎರಡು ಪುಟದ ಕಾಗದ ಕೊಟ್ಟಳು. ಅವನು ಓದಿ, "ಇದ ಬರಕೊಡೂದು ಬ್ಯಾಡಿತ್ರಿ ಮೇಡಂ, ಯಾರಿಗೂ ಗೊತ್ತಿದ್ದಿಲ್ಲ," ಎಂದ. "ಅಲ್ಮಾಸ ಅವ್ರಿಗೆ ಗೊತ್ತದ," ಎಂದಳು ಅವಳು. ಮೇಲಿನವರಿಂದ ನೋಟಿಸ್ ಬಂತು, ವಿಚಾರಣೆ ಆಯಿತು, ಪುಸ್ತಿಕೆಯ ಕೆಲಸದಿಂದ ಅವಳನ್ನು ಪೂರ್ತಿ ಕೈಬಿಟ್ಟರು. ಸಂಗ್ರಹ ಮತ್ತೆ ಅಲ್ಮಾಸಳಿಗೆ ಹೋಯಿತು. ಊರಿಗೆಲ್ಲ ಸುದ್ದಿ ಹಬ್ಬಿತು. ಗುರುಲಿಂಗಮ್ಮ ಅವಳ ಪಕ್ಕದ ಕುರ್ಚಿ ಬಿಟ್ಟು ಬೇರೆ ಕಡೆ ಕೂರತೊಡಗಿದಳು. ಶಿವಶರಣ ಮಾತ್ರ, "ಹೇಳಿದ್ದು ಚಲೋ ಮಾಡಿದಿ," ಎಂದು ಅಂದೊಮ್ಮೆ ಅಂದು ಆ ವಿಷಯ ಮತ್ತೆ ಎತ್ತಲಿಲ್ಲ.

ತಿಂಗಳಾದ ಮೇಲೆ ಶಹಾಪುರದಲ್ಲಿ ಕಣ್ಣಿನ ತಪಾಸಣಾ ಶಿಬಿರ ನಡೆಯಿತು. ಮೌನೇಶ್ವರಿ ಮತ್ತೆ ತಿಂಥಣಿಗೆ ಹೋಗಿ ಬಾಗಿಲ ಹೊರಗೇ ನಿಂತು ಹಣಮಂತಮ್ಮಳನ್ನು ಕರೆದಳು. ಹಣಮಂತಮ್ಮ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಕಣ್ಣೀರು ಹೋಗುವ ನಾಳ ಕಟ್ಟಿದೆ ಎಂದರು ಡಾಕ್ಟರು. ಸಣ್ಣ ಆಪರೇಷನ್ ಆಯಿತು. ಮೂರು ದಿನ ಮೌನೇಶ್ವರಿ ರಜೆ ಹಾಕಿ ಆಸ್ಪತ್ರೆಯಲ್ಲಿದ್ದಳು. ಮೂರನೇ ದಿನ ಹಣಮಂತಮ್ಮ, "ಎತ್ತು ಈಗ ಎಡಗಡಿ ಹೂಡತೀವಿ," ಎಂದಳು. "ಕುರುಡ ಕಣ್ಣು ಜೋಡೆತ್ತಿನ ಕಡಿ ಬರ್ತೈತಿ. ಅದರ ಮೈ ತಾಕಿದ್ರ ಅಂಜೂದಿಲ್ಲ." ಅವಳಾಗಿ ಆಡಿದ ಮೊದಲ ಮಾತು ಅದು.

ಪುಸ್ತಿಕೆ ಮರುವರ್ಷ ಶಹಾಪುರದಲ್ಲಿ ಬಿಡುಗಡೆಯಾಯಿತು. ರಕ್ಷಾಪುಟದ ಮೇಲೆ ಅಲ್ಮಾಸಳ ಹೆಸರು ದೊಡ್ಡದಾಗಿತ್ತು. ಮೌನೇಶ್ವರಿ ಮೂರನೇ ಸಾಲಿನಲ್ಲಿ ಕುಳಿತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟುವಾಗ ಅವಳ ಕೈಗಳು ತಡವಾಗಿ ಎದ್ದವು. ನಾನು ಪಕ್ಕದಲ್ಲೇ ಇದ್ದೆ, ನೋಡಿದೆ. ಪುಸ್ತಿಕೆಯ ಕೊನೆಗೆ ಹೆಸರು ಒಂದೇ, ವಸ್ತು ಬೇರೆ ಎಂಬ ಒಂದು ಭಾಗವಿದೆ. ಹದಿನೆಂಟು ಪದಗಳು. ಮೊದಲನೆಯದು ತೂತಿಯಾ. ಆ ಪಟ್ಟಿಯನ್ನು ಮೌನೇಶ್ವರಿಯೇ ಮಾಡಿ ಅಲ್ಮಾಸಳ ಮೇಜಿನ ಮೇಲೆ ಇಟ್ಟು ಬಂದಿದ್ದಳು, ಹೆಸರು ಹಾಕಬೇಡಿ ಎಂದು ಚೀಟಿ ಬರೆದು. ಅಲ್ಮಾಸ ಹೆಸರು ಹಾಕಲಿಲ್ಲ. ಆದರೆ ಸಮಾರಂಭ ಮುಗಿದ ಮೇಲೆ ಹತ್ತಿರ ಬಂದು, ಒಂದು ವರ್ಷದಲ್ಲಿ ಮೊದಲ ಸಲ ಕೆಲಸದ ಮಾತಲ್ಲದ ಮಾತಾಡಿದಳು.

"ಎರಡನೇ ಭಾಗ ಮಾಡ್ರಿ ಅಂತಾರ. ಪುಟ ಕಳಿಸಿದ್ರ ನೋಡ್ತೀರೇನ್ರಿ?"

"ನನ್ನ ಮ್ಯಾಲ ನಂಬಿಕಿ ಬರ್ತದೇನ್ರಿ?"

"ಇನ್ನೂ ಬಂದಿಲ್ರಿ. ಆದ್ರ ನಿಮ್ಮಷ್ಟು ಹುಡುಕಿ ತಪ್ಪು ತಗ್ಯಾವ್ರು ನನಗ ಬ್ಯಾರೆ ಯಾರೂ ಸಿಗಂಗಿಲ್ಲ."

ಅಲ್ಮಾಸ ಈಗ ಯಾದಗಿರಿಯಲ್ಲಿದ್ದಾಳೆ. ಪುಟಗಳು ಫೋನಿಗೆ ಬರುತ್ತವೆ. ಮೌನೇಶ್ವರಿ ಕನ್ನಡಕ ಹಾಕಿಕೊಂಡು ಒಂದೊಂದು ಪದವನ್ನೂ ಹಿಡಿದು ಜಗ್ಗುತ್ತಾಳೆ. ಚೆಂದದ ಪುಟ ಬಂದ ದಿನ ಅವಳಿಗೆ ಊಟ ಸೇರುವುದಿಲ್ಲ. ತಪ್ಪು ಸಿಕ್ಕ ದಿನ ಮುಖ ಅರಳುತ್ತದೆ. ಶಿವಶರಣನಿಗೆ ದೂರದಿಂದಲೇ ಗೊತ್ತಾಗುತ್ತದೆ. ಆದರೆ ಆ ಖುಷಿಯಲ್ಲಿ ಅವಳು ಒಂದು ಗಳಿಗೆಯೂ ಕೂರುವುದಿಲ್ಲ. ಒಲೆಯ ಮೇಲೆ ಹಾಲಿದ್ದರೂ ಬಿಟ್ಟು ಬಂದು ಫೋನ್ ಹಚ್ಚುತ್ತಾಳೆ.

"ಅಲ್ಮಾಸ ಅವರ, ಮೌನೇಶ್ವರಿ ಮಾತಾಡಾಕತ್ತೀನಿ. ಏಳನೇ ಪುಟ ತಗೀರಿ. ನಾಕನೇ ಸಾಲು ನೋಡ್ರಿ."